ವ್ಯಾಪಾರ ಒಪ್ಪಂದದಲ್ಲಿ ಹಕ್ಕುಗಳನ್ನು ಬರೆದರೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಏನು ಬದಲಾಗುತ್ತದೆ?

ನೀವು ಕಾನೂನು ವಿದ್ಯಾರ್ಥಿ ಎಂದು ಬರೆದುಕೊಂಡಿದ್ದೀರಿ. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದಗಳಲ್ಲಿ ಈಗೀಗ ಕಾರ್ಮಿಕರ ಹಕ್ಕು, ಮಾನವ ಹಕ್ಕು ಎಂದೆಲ್ಲ ಸೇರಿಸುತ್ತಿದ್ದಾರಲ್ಲ, ಅದರಿಂದ ಬೆಂಗಳೂರಿನ ಕೆಲಸಗಾರರಿಗೆ ಏನಾದರೂ ಸಿಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ವಕೀಲೆಯಲ್ಲ. ಪೀಣ್ಯದಲ್ಲಿ ರಫ್ತಿಗೆ ಅಂಗಿ ಹೊಲಿಯುವ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ವೆಲ್ಫೇರ್ ಆಫೀಸರ್ ಆಗಿದ್ದೆ. 500 ಕೆಲಸಗಾರರಿರುವ ಕಡೆ ಅಂಥವರೊಬ್ಬರು ಇರಲೇಬೇಕೆಂದು ಕಾರ್ಖಾನೆಗಳ ಕಾಯ್ದೆ ಹೇಳುತ್ತಿದ್ದುದರಿಂದ ನನಗೆ ಆ ಕೆಲಸ ಸಿಕ್ಕಿತ್ತು.

ಬಯರ್, ಅಂದರೆ ಅಂಗಿ ಕೊಳ್ಳುವ ವಿದೇಶಿ ಕಂಪನಿಯ ಕಡೆಯವರು ಆಡಿಟ್‌ಗೆ (ಕೆಲಸದ ಸ್ಥಿತಿಗತಿಯ ತಪಾಸಣೆಗೆ) ಬರುತ್ತಾರೆಂದರೆ ಹಿಂದಿನ ಸಂಜೆಯೇ ಶೌಚಾಲಯಕ್ಕೆ ಸೋಪು ಬರುತ್ತಿತ್ತು. ಶಿಶುಪಾಲನಾ ಕೊಠಡಿಯ ಬೀರುವಿನಿಂದ ಆಟಿಕೆಗಳು ಹೊರಬರುತ್ತಿದ್ದವು. ಸೂಪರ್‌ವೈಸರ್ ಬಾಯಲ್ಲಿ ಅಂದು ಮಾತ್ರ 'ಬನ್ನಿ ಅಮ್ಮಾ'. ಅವರು ಕಾರು ಹತ್ತಿದ ಮೇಲೆ ಆಟಿಕೆಗಳು ಮತ್ತೆ ಬೀರು ಸೇರುತ್ತಿದ್ದವು. ಅದರ ಬೀಗದ ಕೈ ಇರುತ್ತಿದ್ದುದು ನನ್ನ ಬಳಿಯೇ, ಇದನ್ನೂ ಹೇಳಿಬಿಡಬೇಕು.

ಒಮ್ಮೆ ಒಬ್ಬ ಟೈಲರ್, ಎರಡು ಮಕ್ಕಳ ತಾಯಿ, ಆಡಿಟರ್ ಮುಂದೆ ನಿಜ ಹೇಳಿಬಿಟ್ಟಳು: ಗಂಟೆಯ ಟಾರ್ಗೆಟ್ ಮುಗಿಯುವವರೆಗೆ ಶೌಚಾಲಯಕ್ಕೂ ಏಳಲು ಬಿಡುವುದಿಲ್ಲ ಎಂದು. ಆಡಿಟರ್ ಬರೆದುಕೊಂಡರು. ಮುಂದಿನ ವಾರ ಆಕೆಯನ್ನು ಕಾಲರ್ ಹೊಲಿಗೆಯಿಂದ ತೆಗೆದು, ಕೈಗೆ ಅಭ್ಯಾಸವಿಲ್ಲದ ಬೇರೊಂದು ಮೆಷಿನ್‌ಗೆ ಹಾಕಿದರು. ಟಾರ್ಗೆಟ್ ಮುಟ್ಟಲಾಗದೆ ದಿನವೂ ಬೈಗುಳ. 'ನಾನು ಹೇಳಿದ್ದು ಎಲ್ಲಿಗೆ ಹೋಯಿತು ಮೇಡಂ?' ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ವರದಿ ವಿದೇಶಕ್ಕೆ ಹೋಗಿತ್ತು, ಅಷ್ಟೇ.

ಕೆಲಸ ಬಿಟ್ಟ ಮೇಲೆ ಒಪ್ಪಂದಗಳನ್ನು ಓದುವ ಗೀಳು ಹತ್ತಿತು. ಓದುವಾಗಲೆಲ್ಲ ನಾನು ಹುಡುಕುವುದು ಆಕೆ ಕೇಳಿದ್ದನ್ನೇ. ಭಾರತ ಮತ್ತು ಬ್ರಿಟನ್ 2025ರ ಜುಲೈ 24ರಂದು ಸಹಿ ಹಾಕಿದ ಒಪ್ಪಂದದಲ್ಲಿ ಕಾರ್ಮಿಕರಿಗೆಂದೇ ಒಂದು ಅಧ್ಯಾಯವಿದೆ. ಭಾಷೆಯೂ ಚೆನ್ನಾಗಿದೆ. ಆದರೆ ಸುಂಕದ ವಿಷಯದಲ್ಲಿ ಮಾತು ತಪ್ಪಿದರೆ ಹೋಗಬಹುದಾದ ಪಂಚಾಯಿತಿಗೆ ಈ ಅಧ್ಯಾಯವನ್ನು ಒಯ್ಯುವಂತಿಲ್ಲ. ಸರ್ಕಾರಗಳು ಕೂತು ಮಾತಾಡಿಕೊಳ್ಳಬೇಕು. ಆಡಿಟ್ ದಿನದ ಸೋಪಿನ ವಾಸನೆ ನನಗೆ ಇಲ್ಲಿಯೂ ಬರುತ್ತದೆ.

ಪಂಚಾಯಿತಿ ಇದ್ದ ಮಾತ್ರಕ್ಕೆ ಸಾಲದು ಎಂಬುದಕ್ಕೆ, ಅಮೆರಿಕದೊಂದಿಗೆ ವ್ಯಾಪಾರ ಒಪ್ಪಂದವಿರುವ ಗ್ವಾಟೆಮಾಲಾ ದೇಶದ ಪ್ರಕರಣವನ್ನು ಓದಿ. ಸಂಘ ಕಟ್ಟಿದವರನ್ನು ಕೆಲಸದಿಂದ ತೆಗೆಯುತ್ತಿದ್ದಾರೆ ಎಂದು ಕಾರ್ಮಿಕ ಸಂಘಗಳು ಅಮೆರಿಕ ಸರ್ಕಾರಕ್ಕೆ ದೂರು ಕೊಟ್ಟಿದ್ದು 2008ರಲ್ಲಿ. ಆ ಒಪ್ಪಂದದಡಿ ಪಂಚಾಯಿತಿಗೆ ಕೂತ ಮಂಡಳಿಯ ತೀರ್ಪು ಬಂದಿದ್ದು 2017ರಲ್ಲಿ. ಹಲವು ಕಡೆ ಕಾನೂನು ಜಾರಿಯಾಗಿಲ್ಲ ಎಂಬುದನ್ನು ಮಂಡಳಿ ಒಪ್ಪಿತು. ಆದರೆ ಎರಡು ದೇಶಗಳ ವ್ಯಾಪಾರದ ಮೇಲೆ ಪರಿಣಾಮವಾಗುವಂತೆ ಅದು ಪದೇಪದೇ ನಡೆದಿದೆ ಎಂಬುದು ಸಾಬೀತಾಗಲಿಲ್ಲ ಎಂದು ಅಮೆರಿಕದ ವಾದವನ್ನು ತಳ್ಳಿಹಾಕಿತು. ಹೊಡೆತ ಬಿದ್ದಿದ್ದು ನಿಜ, ಆದರೆ ಅಂಗಿಯ ಬೆಲೆ ಕಡಿಮೆಯಾಯಿತೇ ತೋರಿಸಿ ಎಂದ ಹಾಗೆ!

ಇದಕ್ಕೆ ವಿರುದ್ಧವಾದದ್ದು ಮೆಕ್ಸಿಕೊದ ಸಿಲಾವೊ ಊರಿನ ಪಿಕಪ್ ಟ್ರಕ್ ಕಾರ್ಖಾನೆಯಲ್ಲಿ ನಡೆಯಿತು. 2020ರ ಜುಲೈಯಲ್ಲಿ ಜಾರಿಗೆ ಬಂದ ಉತ್ತರ ಅಮೆರಿಕದ ಹೊಸ ಒಪ್ಪಂದದಲ್ಲಿ, ತಪ್ಪು ಮಾಡಿದ ಒಂದೇ ಒಂದು ಕಾರ್ಖಾನೆಯನ್ನು ಹೆಸರಿಸಿ ಅದರ ಸುಂಕ ರಿಯಾಯಿತಿಯನ್ನು ಕಸಿದುಕೊಳ್ಳಲು ಅವಕಾಶವಿದೆ. 2021ರಲ್ಲಿ ಅಲ್ಲಿ ಹಳೆಯ ಸಂಘ ಕಂಪನಿಯೊಂದಿಗೆ ಮಾಡಿಕೊಂಡಿದ್ದ ಒಪ್ಪಂದದ ಮೇಲಿನ ಮತದಾನದಲ್ಲಿ ಅಕ್ರಮ ಕಂಡುಬಂದಾಗ ಅಮೆರಿಕ ಈ ಅಸ್ತ್ರ ಎತ್ತಿತು. ಆಗಸ್ಟ್‌ನಲ್ಲಿ ಮತ್ತೆ ಮತದಾನವಾಗಿ ಕೆಲಸಗಾರರು ಹಳೆಯ ಒಪ್ಪಂದವನ್ನು ತಿರಸ್ಕರಿಸಿದರು. 2022ರ ಫೆಬ್ರುವರಿಯಲ್ಲಿ ಸ್ವತಂತ್ರ ಸಂಘವೊಂದನ್ನು ಆರಿಸಿಕೊಂಡರು. ವರ್ಷದೊಳಗೆ ಮುಗಿದ ಕೆಲಸ. ಈ ಅಸ್ತ್ರದ ಮೊನೆ ಬಹುಮಟ್ಟಿಗೆ ಮೆಕ್ಸಿಕೊ ಕಡೆಗೇ ತಿರುಗಿದೆ, ಅಮೆರಿಕದ ಕಾರ್ಖಾನೆಗಳ ಕಡೆಗಲ್ಲ ಎಂಬುದನ್ನೂ ಗಮನಿಸಿ.

ಭಾರತದ ಹಳೆಯ ಅನುಮಾನವೂ ಇದೇ. 1996ರ ಸಿಂಗಪುರ ಸಭೆಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯೊಳಗೆ ಕಾರ್ಮಿಕ ನಿಯಮಗಳನ್ನು ತರುವ ಮಾತು ಬಂದಾಗ ನಮ್ಮವರು ಗಟ್ಟಿಯಾಗಿ ವಿರೋಧಿಸಿದರು. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಅದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಪಾಲಿಗೆ ಬಿಡಲಾಯಿತು. ಅಗ್ಗದ ಕೂಲಿಯೇ ಬಡ ದೇಶಗಳಿಗಿರುವ ಅನುಕೂಲ, ಹಕ್ಕಿನ ನೆಪದಲ್ಲಿ ಶ್ರೀಮಂತರು ತಮ್ಮ ಮಾರುಕಟ್ಟೆಗೆ ಬೇಲಿ ಹಾಕಿಕೊಳ್ಳುತ್ತಾರೆ ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ 'ಅನುಕೂಲ' ತಯಾರಾಗುವ ಲೈನ್‌ನಲ್ಲಿ ನಿಂತವಳಿಗೆ ಅದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ. ಅದೇ ಕಾರ್ಮಿಕ ಸಂಘಟನೆಯ, ಸಂಘ ಕಟ್ಟುವ ಹಕ್ಕಿನ 87 ಮತ್ತು ಸಾಮೂಹಿಕ ಚೌಕಾಸಿಯ 98ನೇ ಒಡಂಬಡಿಕೆಗಳನ್ನು ಭಾರತ ಇನ್ನೂ ಅನುಮೋದಿಸಿಲ್ಲ. ಅದಕ್ಕೆ ಯಾವ ಶ್ರೀಮಂತ ದೇಶವೂ ಕಾರಣವಲ್ಲ.

ಔಷಧದ ವಿಷಯಕ್ಕೆ ಬಂದರೆ ನನ್ನ ನಿಲುವು ತಿರುವುಮುರುವು. ಅಲ್ಲಿ ಪೇಟೆಂಟ್ ಬಗ್ಗೆ ಒಪ್ಪಂದದಲ್ಲಿ ಬರೆಯದೆ ಆಯಾ ದೇಶಕ್ಕೆ ಬಿಟ್ಟ ಜಾಗವೇ ನಮ್ಮನ್ನು ಕಾಪಾಡಿದೆ. ನಮ್ಮ ಭಾವ ರಕ್ತದ ಕ್ಯಾನ್ಸರ್‌ಗೆ ಹಲವು ವರ್ಷಗಳಿಂದ ಇಮ್ಯಾಟಿನಿಬ್ ಮಾತ್ರೆ ನುಂಗುತ್ತಿದ್ದಾರೆ. ಅವರಿಗೆ ಅದು ಕೈಗೆಟಕುವ ಬೆಲೆಗೆ ಸಿಗುವುದಕ್ಕೆ ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಮೂ ಕಾರಣ. ಹಳೆಯ ಔಷಧದ ಹೊಸ ರೂಪಕ್ಕೆ ಸುಮ್ಮನೆ ಪೇಟೆಂಟ್ ಕೊಡಬೇಡಿ ಎನ್ನುವ ಆ ಕಲಮನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಎತ್ತಿಹಿಡಿಯಿತು. ಅದಕ್ಕೆ ಒಂದು ವರ್ಷ ಮೊದಲು, ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರ್‌ಗೆ ಕೊಡುವ ಸೊರಾಫೆನಿಬ್‌ಗೆ ಕಡ್ಡಾಯ ಪರವಾನಗಿ (ಪೇಟೆಂಟ್ ಇರುವವರ ಒಪ್ಪಿಗೆಯಿಲ್ಲದೆಯೇ ಬೇರೆ ಕಂಪನಿ ತಯಾರಿಸಲು ಅನುಮತಿ) ನೀಡಿದಾಗ, ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇದ್ದ ಖರ್ಚು 9,000ಕ್ಕಿಂತ ಕೆಳಗಿಳಿಯಿತು. ಹೊಸ ಒಪ್ಪಂದದ ಮಾತುಕತೆಯಲ್ಲಿ 'ಬೌದ್ಧಿಕ ಆಸ್ತಿಗೆ ಇನ್ನಷ್ಟು ರಕ್ಷಣೆ' ಎಂದು ಕೇಳಿದಾಗಲೆಲ್ಲ ನನಗೆ ಭಾವನ ಮಾತ್ರೆ ಡಬ್ಬಿ ನೆನಪಾಗುತ್ತದೆ.

ಆ ಟೈಲರ್ ಏನಾದಳೆಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 2016ರ ಫೆಬ್ರುವರಿಯಲ್ಲಿ, ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂತು. ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ, ಬೇರೆ ರಸ್ತೆಗಳಿಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆದೇಶವನ್ನು ಹಿಂದಕ್ಕೆ ಪಡೆಯಿತು. ಅಂದು ಸಂಜೆ ಆಕೆ ನನಗೆ ಫೋನ್ ಮಾಡಿದಳು. 'ಮೇಡಂ, ಈ ಸಲ ಹೇಳಿದ್ದು ಮುಟ್ಟಬೇಕಾದವರಿಗೆ ಮುಟ್ಟಿತು' ಎಂದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು.