ತೂಕ ಕಡಿಮೆಯಿರುವ ಪೈನ್ ಮರದ ಶಿಲ್ಲಿಂಗ್ ಕೊಳ್ಳಬಹುದೇ?

ಅಮೆರಿಕದ ವಸಾಹತು ಕಾಲದ, ಪೈನ್ ಮರದ ಚಿತ್ರವಿರುವ ಶಿಲ್ಲಿಂಗ್ ನಾಣ್ಯ ಅಸಲಿಯೆಂಬ ಪ್ರಮಾಣಪತ್ರವಿಲ್ಲದೆ ಅರ್ಧ ಬೆಲೆಗೆ ಸಿಗುತ್ತಿದೆ, ತೂಕ ಕಡಿಮೆಯಿದ್ದರೂ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಅದನ್ನೇ ಕೊಂಡವನು ನಾನು.

ಬಾಸ್ಟನ್ನಿನ ಜಾನ್ ಹಲ್ ಟಂಕಿಸಿದ ಈ ಬೆಳ್ಳಿ ನಾಣ್ಯ 72 ಗ್ರೈನ್, ಅಂದರೆ ಸುಮಾರು 4.67 ಗ್ರಾಂ ತೂಗಬೇಕೆಂಬುದೂ, 1682ರವರೆಗೆ ಟಂಕಿಸಿದವುಗಳ ಮೇಲೂ ಇಸವಿ 1652 ಎಂದೇ ಇರುತ್ತದೆಂಬುದೂ ನನಗೆ ಗೊತ್ತಿತ್ತು. ನನಗೆ ತೋರಿಸಿದ್ದು ಮೂರೂವರೆ ಗ್ರಾಂ ಕೂಡ ತೂಗಲಿಲ್ಲ. ಅಂಚು ಕತ್ತರಿಸಿ ಬೆಳ್ಳಿ ಕದಿಯುವುದು ಆ ಕಾಲದಲ್ಲಿ ಮಾಮೂಲಾಗಿತ್ತೆಂದು ಓದಿದ್ದ ನಾನು, ಮಾರುವವರು ಬಾಯಿ ಬಿಡುವ ಮೊದಲೇ ಆ ಕಾರಣವನ್ನು ನಾನೇ ಒದಗಿಸಿಬಿಟ್ಟೆ. ಆದರೆ ಅಂಚು ಕತ್ತರಿಸಿದ ನಾಣ್ಯದಲ್ಲಿ ಮೊದಲು ಹೋಗುವುದು ಹೊರಗಿನ ಮಣಿಸಾಲು, ಆಮೇಲೆ ಅಕ್ಷರಗಳ ತಲೆ. ನನ್ನದರಲ್ಲಿ ಎರಡೂ ಸುತ್ತಲೂ ಪೂರ್ತಿಯಾಗಿದ್ದವು. ಸವೆತವೆನ್ನಲು ಮರದ ಕೊಂಬೆಗಳೂ ಮಾಸಿರಲಿಲ್ಲ. ಹಾಗಾದರೆ ಒಂದು ಗ್ರಾಮಿಗೂ ಮಿಗಿಲಾದ ಬೆಳ್ಳಿ ಎಲ್ಲಿಂದ ಹೋಯಿತು? ಈ ಪ್ರಶ್ನೆ ಹೊಳೆದದ್ದು ಹಣ ಕೊಟ್ಟು ಮನೆಗೆ ಬಂದ ಮೇಲೆ. ಭೂತಗನ್ನಡಿಯಲ್ಲಿ ನೋಡಿದರೆ, ಟಂಕಿಸದೆ ಎರಕ ಹೊಯ್ದ ನಕಲಿನಲ್ಲಿ ಅಚ್ಚಿನ ಎರಡು ಹೋಳು ಕೂಡುವಲ್ಲಿ ಉಳಿಯುವ ಗೆರೆಯನ್ನು ಅರದಿಂದ ಉಜ್ಜಿದ ಗುರುತು ಅಂಚಿನುದ್ದಕ್ಕೂ ಇತ್ತು. ನೀರಿನಲ್ಲಿ ತೂಗಿದಾಗ, ಘನ ಸೆಂಟಿಮೀಟರಿಗೆ ಹತ್ತು ಗ್ರಾಮಿಗಿಂತ ಹೆಚ್ಚಿರಬೇಕಿದ್ದ ಸಾಂದ್ರತೆ ಏಳರ ಆಸುಪಾಸಿನಲ್ಲಿ ನಿಂತಿತು. ಅದು ಬೆಳ್ಳಿಯೇ ಆಗಿರಲಿಲ್ಲ.

ಆದ್ದರಿಂದ ಅರ್ಧ ಬೆಲೆ ನ್ಯಾಯವೇ ಎಂಬ ನಿಮ್ಮ ಲೆಕ್ಕಾಚಾರವನ್ನೇ ನಾನು ಒಪ್ಪುವುದಿಲ್ಲ. ನ್ಯೂಯಾರ್ಕಿನ ಥಾಮಸ್ ವಯಟ್ 1850ರ ದಶಕದಲ್ಲೇ ಇವುಗಳ ನಕಲು ಮಾಡಿದ್ದರು. ನಕಲಿನ ಮೇಲೆ ‘ಕಾಪಿ’ ಎಂದು ಗುರುತಿಸಬೇಕೆಂಬ ಅಮೆರಿಕದ ಕಾನೂನು ಬಂದದ್ದು 1973ರಲ್ಲಿ, ಆ ಗುರುತನ್ನೂ ಉಜ್ಜಿ ತೆಗೆಯುವವರಿದ್ದಾರೆ. ಹೊಸಬರು ಈ ನಾಣ್ಯಕ್ಕೆ ಕೈಹಾಕಲೇಬಾರದು.

ಕುದುರೆಯ ತಲೆ ಮತ್ತು ನೇಗಿಲಿರುವ ನ್ಯೂಜೆರ್ಸಿಯ 1786–88ರ ತಾಮ್ರದ ನಾಣ್ಯಗಳಿಂದ ಆರಂಭಿಸಿ. ಸವೆದವು ಶಿಲ್ಲಿಂಗಿಗಿಂತ ಎಷ್ಟೋ ಅಗ್ಗ, ಅಚ್ಚಿನ ಭೇದಗಳನ್ನು ಗುರುತಿಸುವ ಕೆಲಸವೇ ವರ್ಷಗಟ್ಟಲೆ ಹಿಡಿಯುತ್ತದೆ. ವ್ಯಾಪಾರಿಗಳು ತಾವೇ ಹೊರಡಿಸಿದ ನಾಣ್ಯದಂಥ ಬಿಲ್ಲೆ, ಅಂದರೆ ಟೋಕನ್ನೇ ಬೇಕೆಂದರೆ, ಭಾರತದೊಂದಿಗೆ ವ್ಯಾಪಾರ ನಡೆಸುತ್ತಿದ್ದ ನ್ಯೂಯಾರ್ಕಿನ ಟಾಲ್ಬಟ್, ಆಲಮ್ ಅಂಡ್ ಲೀ ಸಂಸ್ಥೆಯ, ಹಡಗಿನ ಚಿತ್ರವಿರುವ ಸೆಂಟ್ ಇದೆ. ವಸಾಹತು ಕಾಲ ಮುಗಿದ ಮೇಲಿನದಾದರೂ ಸಂಗ್ರಾಹಕರು ಅದನ್ನು ಇದೇ ಸಾಲಿಗೆ ಸೇರಿಸುತ್ತಾರೆ. 1795ರದ್ದು ಸಿಕ್ಕರೆ ಮೊದಲು ಅಂಚನ್ನು ತಿರುಗಿಸಿ ಓದಿ: ತಂದವರಿಗೆ ಒಂದು ಸೆಂಟ್ ಕೊಡುತ್ತೇವೆಂಬ ವಾಗ್ದಾನ ಅಲ್ಲಿರುತ್ತದೆ.