ಅರವತ್ತೈದು ಸಾವಿರದ ಯುಕುಲೇಲೆ

ಪ್ರಶ್ನೆ: ನಾನು ಬಸವನಗುಡಿಯವಳು, ಎಂಟು ತಿಂಗಳಿಂದ ಯುಕುಲೇಲೆ (ಗಿಟಾರಿನಂಥ, ನಾಲ್ಕು ತಂತಿಯ ಪುಟ್ಟ ವಾದ್ಯ) ಕಲಿಯುತ್ತಿದ್ದೇನೆ. ಫ್ರೇಜರ್ ಟೌನಿನ ಮನೆಯೊಂದರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿಯ ಹಳೆಯ ಸೊಪ್ರಾನೊ (ಸಣ್ಣ ಅಳತೆಯ) ಯುಕುಲೇಲೆ ಮಾರಾಟಕ್ಕಿದೆ. ‘ತಾತನ ಕಾಲದ್ದು, 1920ರದು’ ಎಂದು ಹೇಳಿ 65,000 ರೂಪಾಯಿ ಕೇಳುತ್ತಿದ್ದಾರೆ. ಮಹಾಗನಿ ಮರದ್ದು, ಅಲಂಕಾರವೇನೂ ಇಲ್ಲ. ಬೆನ್ನಿನ ಹಲಗೆಯಲ್ಲಿ ಕೂದಲೆಳೆಯಷ್ಟು ಗೆರೆಯಿದೆ, ಬಿರಡೆಗಳು ಜಾರುತ್ತವೆ. ಸೀರಿಯಲ್ ನಂಬರ್ ಇಲ್ಲದ್ದರಿಂದ ನಕಲಿ ಇರಬೇಕು ಎಂದು ಗೆಳತಿಯ ಅನುಮಾನ. ಚಿತ್ರಗಳನ್ನು ಕಳುಹಿಸಿದ್ದೇನೆ. ಬೆಲೆ ನ್ಯಾಯವಾದದ್ದೇ?

ಉತ್ತರ: ಮೊದಲು ನಿಮ್ಮ ಗೆಳತಿಯ ಅನುಮಾನವನ್ನು ಬಗೆಹರಿಸೋಣ. ಮಾರ್ಟಿನ್ ಕಂಪನಿಯು ತನ್ನ ಗಿಟಾರುಗಳಿಗೆ ಸೀರಿಯಲ್ ನಂಬರ್ ಹಾಕುತ್ತಿತ್ತೇ ಹೊರತು, ತೀರ ಆರಂಭದ ಕೆಲವನ್ನು ಬಿಟ್ಟರೆ ಯುಕುಲೇಲೆಗಳಿಗೆ ಹಾಕುತ್ತಿರಲಿಲ್ಲ. ಆದ್ದರಿಂದ ನಂಬರ್ ಇಲ್ಲದಿರುವುದು ನಕಲಿಯ ಗುರುತಲ್ಲ. ನಿಮ್ಮ ಚಿತ್ರಗಳನ್ನು ನೋಡಿದರೆ ವಾದ್ಯ ಅಸಲಿಯೆಂದೇ ನನಗನ್ನಿಸುತ್ತದೆ. ಮಾರುವವರು ಹೇಳುವ ಇಸವಿ ಮಾತ್ರ ಹೊಂದುವುದಿಲ್ಲ.

ಅಲಂಕಾರವಿಲ್ಲದ, ಅಂಚುಪಟ್ಟಿಯೂ ಇಲ್ಲದ ಈ ಮಾದರಿಯನ್ನು ‘ಸ್ಟೈಲ್ 0’ ಎನ್ನುತ್ತಾರೆ. ಅದು ಮಾರುಕಟ್ಟೆಗೆ ಬಂದದ್ದೇ 1922ರಲ್ಲಿ. ಇನ್ನು ಮೂರನೆಯ ಚಿತ್ರದಲ್ಲಿ ಕತ್ತಿನ ಪಕ್ಕದಿಂದ ಕಾಣುವ ಮೆಟ್ಟಿಲುಗಳ, ಅಂದರೆ ತಂತಿಯಡಿಯ ಲೋಹದ ಅಡ್ಡಪಟ್ಟಿಗಳ (ಫ್ರೆಟ್) ತುದಿಯನ್ನು ಗಮನಿಸಿ. 1930ರ ದಶಕದ ನಡುವಿನವರೆಗೆ ಮಾರ್ಟಿನ್‌ನವರು ಚಪ್ಪಟೆ ಪಟ್ಟಿಯಂಥ ಲೋಹದ ತುಂಡುಗಳನ್ನೇ ನೇರವಾಗಿ ಮರದೊಳಗೆ ಕೂರಿಸುತ್ತಿದ್ದರು. ಆಮೇಲೆ ಬಂದ ಮೆಟ್ಟಿಲುಗಳಿಗೆ ಮೇಲೆ ಅಣಬೆಯ ಟೋಪಿಯಂತೆ ದುಂಡನೆಯ ತಲೆಯಿರುತ್ತದೆ. ನಿಮ್ಮ ಚಿತ್ರದಲ್ಲಿರುವುದು ಅಣಬೆಯ ತಲೆಯೇ. ತಲೆಭಾಗದ ಮುಂದುಗಡೆ ಚಿನ್ನದ ಬಣ್ಣದ ಹೆಸರಿನ ಅಚ್ಚೂ ಇದೆ. ಅದು 1930ರ ದಶಕಕ್ಕೆ ಮೊದಲಿನವುಗಳ ಮೇಲೆ ಇರುವುದಿಲ್ಲ, ಅವುಗಳಲ್ಲಿ ತಲೆಯ ಹಿಂಬದಿಯಲ್ಲಿ ಒತ್ತಿದ ಮುದ್ರೆಯಷ್ಟೇ ಇರುತ್ತಿತ್ತು. ಆ ಮನೆಯವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಹೇಳುತ್ತಿಲ್ಲ. ತಾತನ ಕಾಲ ಎಂಬುದಕ್ಕೆ ನಮ್ಮಲ್ಲಿ ಯಾರು ತಾನೆ ಇಸವಿ ಬರೆದಿಟ್ಟಿರುತ್ತಾರೆ? ಆದರೆ ಆ ಹದಿನೈದು ಇಪ್ಪತ್ತು ವರ್ಷಗಳಿಗೆ ನೀವು ಹಣ ಕೊಡಬೇಕಾಗಿಲ್ಲ.

ವಯಸ್ಸಾಗಿದೆ ಎಂದ ಮಾತ್ರಕ್ಕೆ ಯುಕುಲೇಲೆ ಅಪರೂಪದ ವಸ್ತುವೂ ಆಗುವುದಿಲ್ಲ. 1915ರ ಸ್ಯಾನ್ ಫ್ರಾನ್ಸಿಸ್ಕೊ ಮಹಾಪ್ರದರ್ಶನದ ನಂತರ ಹವಾಯಿ ಸಂಗೀತದ ಹುಚ್ಚು ಅಮೆರಿಕದ ತುಂಬ ಹಬ್ಬಿತು. 1920ರ ದಶಕದಲ್ಲಿ ಮಾರ್ಟಿನ್ ಕಾರ್ಖಾನೆಯಿಂದ ಗಿಟಾರುಗಳಿಗಿಂತ ಹೆಚ್ಚಾಗಿ ಯುಕುಲೇಲೆಗಳೇ ಹೊರಬಿದ್ದ ವರ್ಷಗಳಿವೆ. ಹೀಗಾಗಿ ಸ್ಟೈಲ್ 0 ಇಂದಿಗೂ ಧಾರಾಳವಾಗಿ ಸಿಗುತ್ತದೆ, ಅಲ್ಲಿ ಅದರ ಬೆಲೆ ನೂರುಗಳ ಡಾಲರ್‌ಗಳಲ್ಲಿದೆ. ಮಾರ್ಟಿನ್‌ನದೇ ಇನ್ನೊಂದು ಮಾದರಿ, ಚಿಪ್ಪಿನ ಕುಸುರಿಯುಳ್ಳ, ಹವಾಯಿಯ ಕೋವಾ ಮರದ ‘5ಕೆ’ಯ ಬೆಲೆ ಸಾವಿರಗಳಲ್ಲಿ ಓಡುತ್ತದೆ. ಎರಡರ ಮೇಲಿರುವ ಹೆಸರೂ ಒಂದೇ ಆದ್ದರಿಂದ, ಒಂದರ ಬೆಲೆಯನ್ನು ಇನ್ನೊಂದಕ್ಕೆ ಹಚ್ಚುವವರು ಸಿಗುತ್ತಲೇ ಇರುತ್ತಾರೆ.

ಬೆಲೆ ಹುಡುಕುವಾಗ ಮಾರುವವರು ಕೇಳಿದ ಬೆಲೆಯನ್ನಲ್ಲ, ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಿ. ಕೇಳುವ ಬೆಲೆಗೆ ಅಂಕೆಯಿಲ್ಲ. ಅದೇ ಮಾದರಿ ಒಳ್ಳೆಯ ಸ್ಥಿತಿಯಲ್ಲಿ ಅಲ್ಲಿ 40,000 ರೂಪಾಯಿಗೆ ಸಮನಾದ ಮೊತ್ತಕ್ಕೆ ಹೋಗುತ್ತಿದೆ ಎಂದಿಟ್ಟುಕೊಳ್ಳೋಣ. ಅದನ್ನು ಇಲ್ಲಿಗೆ ತರಿಸಿಕೊಂಡರೆ ವಾದ್ಯದ ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ ಸುಂಕ, ಅದರ ಮೇಲೆ ಜಿಎಸ್‌ಟಿ ಬೀಳುತ್ತವೆ. ಎಲ್ಲ ಸೇರಿ 58,000 ಆಯಿತೆನ್ನಿ. ಬೆಂಗಳೂರಿನಲ್ಲಿ ಆ ವಾದ್ಯಕ್ಕೆ ಅದೇ ಮೇಲಿನ ಮಿತಿ, ಏಕೆಂದರೆ ಅದಕ್ಕಿಂತ ಹೆಚ್ಚು ಕೇಳಿದರೆ ನೀವೇ ತರಿಸಿಕೊಳ್ಳಬಹುದು. ಆ ಮಿತಿಯಿಂದ ಕೆಳಗಿಳಿಯಲು ಕಾರಣಗಳು ಬೇಕಾದಷ್ಟಿವೆ: ರಿಪೇರಿಯ ಖರ್ಚಿದೆ, ಮನೆಯಿಂದ ಕೊಂಡದ್ದನ್ನು ಹಿಂತಿರುಗಿಸಲಾಗದು, ನಾಳೆ ನೀವು ಮಾರಹೊರಟರೆ ಈ ಊರಿನಲ್ಲಿ ಹಳೆಯ ಯುಕುಲೇಲೆ ಕೊಳ್ಳುವವರನ್ನು ಬೆರಳಲ್ಲಿ ಎಣಿಸಬಹುದು.

ಈಗ ರಿಪೇರಿಯ ಮಾತು. ಬಿರಡೆ ಜಾರುವುದು ದೋಷವೇ ಅಲ್ಲ. ಅವು ಹಲ್ಲುಗಾಲಿಯಿಲ್ಲದ, ಬರೀ ಬಿಗಿತದಿಂದ ನಿಲ್ಲುವ ಬಿರಡೆಗಳು. ಹಿಡಿಯ ತುದಿಯಲ್ಲಿರುವ ತಿರುಪನ್ನು ಕಾಲು ಸುತ್ತು ಬಿಗಿದರೆ ನಿಲ್ಲುತ್ತವೆ. ಬೆನ್ನಿನ ಗೆರೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮೊಬೈಲಿನ ಟಾರ್ಚ್ ಬೆಳಕು ಬಿಟ್ಟು, ಸಣ್ಣ ಕನ್ನಡಿ ಹಿಡಿದು, ನಾದರಂಧ್ರದೊಳಗಿಂದ ಅದೇ ಜಾಗವನ್ನು ನೋಡಿ. ಒಳಗೆ ಬೆರಳುಗುರಿನಷ್ಟು ಮರದ ತುಣುಕುಗಳನ್ನು ಅಡ್ಡಲಾಗಿ ಅಂಟಿಸಿದ್ದರೆ ಬಲ್ಲವರು ಸರಿಪಡಿಸಿದ್ದಾರೆಂದು ಅರ್ಥ, ಅದಕ್ಕೆ ಹೆದರಬೇಕಿಲ್ಲ. ಏನೂ ಇಲ್ಲದೆ ಬೆಳಕು ಮಾತ್ರ ತೂರಿ ಬಂದರೆ ಕೆಲಸ ಬಾಕಿಯಿದೆ. ಬಳಿಕ ಗೆಣ್ಣಿನಿಂದ ಹಲಗೆಯನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟಿ. ಎಲ್ಲಾದರೂ ‘ಝರ್’ ಎಂದರೆ ಒಳಗಿನ ಪಟ್ಟಿ ಬಿಟ್ಟುಕೊಂಡಿದೆ.

ತಂತಿಗಳನ್ನು ಹೊತ್ತು ನಿಲ್ಲುವ ಬ್ರಿಜ್, ಅಂದರೆ ನಮ್ಮ ವೀಣೆಯ ಕುದುರೆಯ ಜಾಗದಲ್ಲಿರುವುದು, ಹಲಗೆಯಿಂದ ಮೇಲೆದ್ದಿದೆಯೇ ಎಂದು ತಿಳಿಯಲು ಅದರ ಹಿಂಬದಿಯ ಅಡಿಗೆ ಬಸ್ ಟಿಕೆಟಿನ ತುದಿಯನ್ನು ತೂರಿಸಿ ನೋಡಿ, ಹೋಗಬಾರದು. ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ನಾನೇ ಒಮ್ಮೆ ಇದನ್ನು ನೋಡದೆ ಮೋಸಹೋದೆ. ಹಿಂದಿನ ಯಾರೋ ಅದನ್ನು ಮರಿ ಗಿಟಾರೆಂದು ಭಾವಿಸಿ ಉಕ್ಕಿನ ತಂತಿ ಹಾಕಿದ್ದರು. ನೈಲಾನ್ ತಂತಿಗೆಂದು ತೆಳ್ಳಗೆ ಮಾಡಿದ ಹಲಗೆ ಆ ಎಳೆತಕ್ಕೆ ಉಬ್ಬಿ ಹಪ್ಪಳದಂತಾಗಿತ್ತು. ಕಡೆಯದಾಗಿ, ಬಿಟ್ಟ ತಂತಿಯನ್ನು ಮೊಬೈಲಿನ ಟ್ಯೂನರಿನಲ್ಲಿ ಶ್ರುತಿ ಮಾಡಿಕೊಂಡು 12ನೇ ಮೆಟ್ಟಿಲಿನಲ್ಲಿ ಒತ್ತಿ ಮೀಟಿ. ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರಬೇಕು. ತಂತಿಯನ್ನು ಒತ್ತಲು ಬಹಳ ಬಲ ಬೇಕಾಗಿ, ಸ್ವರವೂ ಸ್ಪಷ್ಟವಾಗಿ ಏರಿದ್ದರೆ ಕತ್ತು ಮುಂದಕ್ಕೆ ವಾಲಿದೆ. ಅದರ ರಿಪೇರಿ ದುಬಾರಿ, ಮಾಡುವವರೂ ಕಡಿಮೆ. ಹಾಗಿದ್ದರೆ ಚೌಕಾಸಿಗೂ ಇಳಿಯದೆ ಎದ್ದು ಬನ್ನಿ.

ಹೊಸದಾಗಿ ಪಾಲಿಶ್ ಹೊಡೆಸಿ ಹೊಳೆಯಿಸಿದ ವಾದ್ಯದ ಬೆಲೆ ಏರುವುದಿಲ್ಲ, ಚೆನ್ನಾಗಿಯೇ ಇಳಿಯುತ್ತದೆ. ನಿಮ್ಮದರಲ್ಲಿ ಹಾಗಾದಂತೆ ಕಾಣುವುದಿಲ್ಲ.

ಕತ್ತು ಮತ್ತು ಬ್ರಿಜ್ ಸರಿಯಿದ್ದು, ಬೆನ್ನಿನ ಬಿರುಕೊಂದೇ ಬಾಕಿಯಿದ್ದರೆ ನಾನು 35,000ದಿಂದ ಮಾತು ಶುರುಮಾಡುತ್ತಿದ್ದೆ, 42,000 ದಾಟುತ್ತಿರಲಿಲ್ಲ. ಎಂಟು ತಿಂಗಳ ಕಲಿಕೆಗೆ ಕೆಲವೇ ಸಾವಿರದ ಹೊಸ ವಾದ್ಯ ಧಾರಾಳವಾಗಿ ಸಾಕು, ಆದ್ದರಿಂದ ಅವಸರ ಮಾಡಬೇಡಿ. ಈಗ ಮಳೆಗಾಲ, ಮರ ತೇವ ಹೀರಿ ಬಿರುಕು ತಾನಾಗಿ ಮುಚ್ಚಿಕೊಂಡಿರುತ್ತದೆ. ಅವರು ಬೆಲೆ ಇಳಿಸಲು ಒಪ್ಪದಿದ್ದರೆ ಫೋನ್ ನಂಬರ್ ಕೊಟ್ಟು ಬನ್ನಿ. ಮಾರ್ಚ್ ತಿಂಗಳ ಒಣಹವೆಯಲ್ಲಿ ಆ ಗೆರೆ ನಿಜವಾಗಿ ಎಷ್ಟು ಉದ್ದವೆಂಬುದು ಕಾಣುತ್ತದೆ, ಆಗ ಇನ್ನೊಮ್ಮೆ ಟಾರ್ಚ್ ಹಿಡಿದು ಹೋಗಿ.