ಎರಡು ಗಿಡ, ಎರಡು ಬಣ್ಣ: ಕುಂಕುಮದ ಮರದ ಬಗ್ಗೆ

ಒಂದೇ ಕಾಯಿಯ ಬೀಜದಿಂದ ಎದ್ದ ಎರಡು ಗಿಡಗಳಲ್ಲಿ ಒಂದಕ್ಕೆ ಗುಲಾಬಿ ಹೂ, ಕೆಂಪು ಮುಳ್ಳುಕಾಯಿ. ಇನ್ನೊಂದಕ್ಕೆ ಬಿಳಿ ಹೂ, ಹಸಿರು ಕಾಯಿ. ಇವು ಬೇರೆ ಬೇರೆ ಜಾತಿಯೇ ಅಂತ ಕೇಳಿದ್ದೀರಿ. ಅಲ್ಲ ಸಾರ್, ಎರಡೂ ಕುಂಕುಮದ ಮರವೇ, ಸಸ್ಯಶಾಸ್ತ್ರದ ಹೆಸರಲ್ಲಿ ಬಿಕ್ಸಾ ಒರೆಲ್ಲಾನ. ಜೇನುಗಳಿಂದ ಪರಕೀಯ ಪರಾಗಸ್ಪರ್ಶ (ಒಂದು ಗಿಡದ ಪರಾಗ ಇನ್ನೊಂದರ ಹೂವಿಗೆ ಸೇರುವುದು) ಆಗುವುದರಿಂದ ಬೀಜದ ಸಸಿ ತಾಯಿಯನ್ನೇ ಹೋಲಬೇಕೆಂದಿಲ್ಲ. ಮುಳ್ಳೇ ಇಲ್ಲದ ನುಣುಪು ಕಾಯಿಯ ಗಿಡಗಳೂ ಇವೆ. ಇದರ ತವರಾದ ದಕ್ಷಿಣ ಅಮೆರಿಕದಲ್ಲಂತೂ ಈ ವೈವಿಧ್ಯ ಇನ್ನೂ ಹೆಚ್ಚು.

ಕಾಯಿ ಕೆಂಪಗಿದ್ದರೆ ಬಣ್ಣ ಜಾಸ್ತಿ ಅಂತ ಮಾತ್ರ ನಂಬಬೇಡಿ. ಸಿಪ್ಪೆಯ ಕೆಂಪು ಬೇರೆ, ನಮಗೆ ಬೇಕಾದ ಬಿಕ್ಸಿನ್ ಎಂಬ ಬಣ್ಣದ ಅಂಶ ಬೇರೆ. ಅದು ಇರುವುದು ಬೀಜದ ಮೇಲಿನ ಮೇಣದಂಥ ಲೇಪದಲ್ಲಿ. ಬೀಜದ ತೂಕದಲ್ಲಿ ಅದರ ಪಾಲು ಗಿಡದಿಂದ ಗಿಡಕ್ಕೆ ಶೇ. 1ರಿಂದ 5ರ ಆಸುಪಾಸಿನವರೆಗೂ ಬದಲಾಗುತ್ತದೆ.

ಯಾವ ಗಿಡದಲ್ಲಿ ಬಣ್ಣ ಜಾಸ್ತಿ ಅಂತ ಮನೆಯಲ್ಲೇ ನೋಡಬಹುದು. ಎರಡೂ ಗಿಡದ ಬೀಜ 10 ಗ್ರಾಂನಂತೆ ತೂಗಿ, ಒಂದೇ ಅಳತೆಯ ಬೆಚ್ಚಗಿನ ಎಣ್ಣೆಯಲ್ಲಿ ಅಷ್ಟೇ ಹೊತ್ತು ನೆನೆಸಿ, ಬಿಳಿ ಬಟ್ಟಲಿಗೆ ಸೋಸಿ. ನೀರಲ್ಲಿ ಹಾಕಬೇಡಿ, ಬಿಕ್ಸಿನ್ ಎಣ್ಣೆಗೇ ಬಿಡುವುದು. ಎರಡೂ ಅದೇ ವಾರದಲ್ಲಿ ಕಿತ್ತು ನೆರಳಲ್ಲಿ ಒಣಗಿಸಿದ ಬೀಜವೇ ಆಗಬೇಕು, ಬಿಸಿಲಿಗೆ ಬಣ್ಣ ಹಾಳಾಗುತ್ತದೆ.

ಎಣ್ಣೆಗೆ ಗಾಢ ಬಣ್ಣ ಕೊಟ್ಟು ಗೆದ್ದ ಗಿಡದಿಂದ ಬೀಜ ಹಾಕದೆ ಕಡ್ಡಿ ನೆಡಿ, ಇಲ್ಲವೇ ಕಸಿ ಕಟ್ಟಿ.